ಲಿಂಕ್ಸ್ ಆಡದ ಚಳಿಗಾಲ

ಆ ವರ್ಷದ ಐಸ್ ಹಾಕಿ ಸೀಸನ್ ಪೂರ್ತಿ ರದ್ದಾಯಿತು ಎಂಬ ಸುದ್ದಿಯನ್ನು ನನ್ನ ಗಂಡ ರಸ್ ತಾನು ಕೆಲಸ ಮಾಡುವ ರೇಡಿಯೊ ಸ್ಟೇಷನ್ನಿನಲ್ಲೇ, ಬೇರೊಬ್ಬನ ಬಾಯಿಂದ ಕೇಳಬೇಕಾಯಿತು. ಜನವರಿಯ ಒಂದು ಬೆಳಗು. ಅಡುಗೆಮನೆಯ ಮೇಜಿನ ಮುಂದೆ ಕೂತು, ಬಿಸಿನೀರಿಗೆ ಜೇನು, ನಿಂಬೆರಸ ಬೆರೆಸಿಕೊಂಡು ಗಂಟಲು ಹದ ಮಾಡಿಕೊಳ್ಳುತ್ತಿದ್ದ. ಶರತ್ಕಾಲದಿಂದ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ತಂಡಗಳ ಮಾಲೀಕರು ಆಟಗಾರರನ್ನು ಹೊರಗಿಟ್ಟು ಬಾಗಿಲು ಹಾಕಿದಾಗಲೂ, ಸಂಬಳದ ಮಾತುಕತೆ ಮುರಿದಾಗಲೂ, ಕ್ರಿಸ್‌ಮಸ್ ದಾಟಿ ಹೋದಾಗಲೂ ತಪ್ಪಿಸಿರಲಿಲ್ಲ. ನಾಳೆಯೇ ರಾಜಿಯಾಗಿ ಆಟ ಶುರುವಾಗಿಬಿಟ್ಟರೆ ಗಂಟಲು ಸಿದ್ಧವಿರಬೇಕು ಎಂಬುದು ಅವನ ವಾದ.

"ಅಂದ್ರೆ ಈಗ ಇದನ್ನ ಸುಮ್‌ಸುಮ್ನೆ ಕುಡೀಬೇಕಾ?" ಅಂದ, ಲೋಟದೊಳಗೆ ನೋಡುತ್ತಾ.

"ಕುಡಿ ಅಳಿಯಾ. ಜೇನು ಹಾಕಿಬಿಟ್ಟಿದೀಯಲ್ಲ," ಅಂದಳು ನನ್ನಮ್ಮ, ಹೆಣಿಗೆಯಿಂದ ತಲೆಯೆತ್ತದೆ.

ರಸ್ ಕುಡಿದ. ಎದ್ದುಹೋಗಿ, ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದ್ದ ಆಟದ ದಿನದ ಟೈ ತೆಗೆದು ಬೀರುವಿಗೆ ಹಾಕಿದ. ಆಮೇಲೆ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತ. ಆಗ ನನಗೆ ಹೊಳೆದದ್ದು ಒಂದೇ. ಈ ಮನುಷ್ಯ ಇನ್ನು ವಸಂತದವರೆಗೂ ಇಲ್ಲೇ ಕೂತಿರುತ್ತಾನೆ.

ನಾನು ರಸ್ಸನ್ನು ಮದುವೆಯಾದಾಗಲೇ ಅವನು ಊರಿನ ಹಾಕಿ ತಂಡ ಲಿಂಕ್ಸ್‌ನ ದನಿಯಾಗಿದ್ದ. ಸುಪೀರಿಯರ್ ಸರೋವರದ ದಂಡೆಯ ನಮ್ಮ ಪೋರ್ಟ್ ಆಲ್ಡರಿನಲ್ಲಿ ಶನಿವಾರ ಸಂಜೆ ಎಂದರೆ ಲಿಂಕ್ಸ್ ಆಟ. ಆಟ ಎಂದರೆ ರೇಡಿಯೊದಲ್ಲಿ ರಸ್ ಪೆಲ್ಕಿಯ ವೀಕ್ಷಕ ವಿವರಣೆ. ಅರೀನಾದ ಒಳಗೆ ಕೂತು ಕಣ್ಣಾರೆ ಆಟ ನೋಡುವವರು ಕೂಡ ಮಡಿಲಲ್ಲಿ ಪುಟ್ಟ ಟ್ರಾನ್ಸಿಸ್ಟರ್ ಇಟ್ಟುಕೊಳ್ಳುತ್ತಿದ್ದರು. ರಸ್ ಹೇಳಿದ ಮೇಲೇ ಅದು ನಡೆದದ್ದು ನಿಜ ಅನ್ನಿಸುತ್ತಿತ್ತೋ ಏನೋ. ನನ್ನ ಪಕ್ಕದಲ್ಲಿ ಮಲಗುವ ಗಂಡಸಿನ ದನಿಯನ್ನು ನಾನು ಊರಿನ ಜೊತೆ ಹಂಚಿಕೊಂಡು, ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ಚಳಿಗಾಲ ನನ್ನದು, ಬೇಸಿಗೆ ನಮ್ಮಿಬ್ಬರದು ಅಂತ ನನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದೆ.

ಈಗ ಆ ಒಪ್ಪಂದವೂ ಮುರಿಯಿತು. ಒಂದು ವಾರ ಅವನು ಮಾತೇ ಆಡಲಿಲ್ಲ. ಎರಡನೆಯ ವಾರ, ಹೇಳಲು ಆಟ ಇಲ್ಲದ್ದಕ್ಕೆ, ಮನೆಯನ್ನೇ ಹೇಳತೊಡಗಿದ.

"ಅಜ್ಜಿ ಹಿಟ್ಟನ್ನ ಎತ್ತಿಕೊಂಡಿದ್ದಾರೆ... ಎಡಕ್ಕೊಂದು ಮಡಿಕೆ, ಬಲಕ್ಕೊಂದು ಮಡಿಕೆ, ಏನು ಚುರುಕು ಈ ವಯಸ್ಸಿನಲ್ಲಿ! ಡಬ್ಬಿಯ ಕಡೆ ಕೈ ಹೋಯಿತು... ಏಲಕ್ಕಿ! ಏಲಕ್ಕಿ ಹಾಕಿಯೇಬಿಟ್ಟರು!"

"ಬಾಯಿಗೆ ಬೀಗ ಹಾಕೋಕೆ ನಿಮ್ಮ ಮಾಲೀಕ್ರು ಇಲ್ಲಿಗೂ ಬರಬಾರ್ದಾ," ಅಂದಳು ಅಮ್ಮ. "ನಿನ್ನ ಕೂಗಾಟಕ್ಕೆ ಹಿಟ್ಟು ಉಬ್ಬೋದೇ ಇಲ್ಲ."

"ಅಜ್ಜಿ ರೆಫರಿಗೆ ದೂರು ಕೊಡ್ತಿದ್ದಾರೆ!"

ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಆದರೆ ಬ್ರೆಡ್ಡಿನ ಮೇಲೆ ಸಕ್ಕರೆ ಉದುರಿಸುವಾಗ ಕೈಯನ್ನು ಬೇಕಂತಲೇ ಎತ್ತರಕ್ಕೆ ಎತ್ತಿ, ಅವನು ಏನು ಹೇಳುತ್ತಾನೋ ಎಂದು ಓರೆಗಣ್ಣಲ್ಲಿ ನೋಡಿದಳು.

ಹೀಗೆ ಅವನು ಅಮ್ಮನನ್ನು, ಬೆಕ್ಕನ್ನು, ಹಿಮ ಸರಿಸುವ ಪಕ್ಕದ ಮನೆಯವನನ್ನು, ಎಲ್ಲರನ್ನೂ ವರ್ಣಿಸಿದ. ನನ್ನನ್ನೂ ವರ್ಣಿಸಿದ. ಫ್ರಿಜ್ ತೆರೆದದ್ದು, ಒಗೆದ ಬಟ್ಟೆ ಮಡಿಸಿದ್ದು. ಪ್ರತಿ ಸಲವೂ ನನ್ನ ಎದೆ ಒಂದಿಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಕಾರಣ ನಾನು ಯಾರಿಗೂ ಹೇಳದ ಒಂದು ಗುಟ್ಟು.

ನಾನು ಗೋಲ್‌ಕೀಪರ್. ಹನ್ನೊಂದು ವರ್ಷದಿಂದ, ಭಾನುವಾರ ಬೆಳಗಿನ ಜಾವ, ಬೇರೆ ಯಾರಿಗೂ ಬೇಡವಾದ ಹೊತ್ತಿನಲ್ಲಿ ಅರೀನಾದ ಐಸ್ ಮೇಲೆ ಹೆಂಗಸರ ಆಟ ನಡೆಯುತ್ತಿತ್ತು. ನಮ್ಮ ತಂಡಕ್ಕೆ ಜೆರ್ಸಿ ಕೊಡಿಸಿದ್ದು ಬೇ ಬೀದಿಯ ಲಾಂಡ್ರಿ. ಹಾಗಾಗಿ ನಮ್ಮ ಹೆಸರೂ 'ಲಾಂಡ್ರಿ'. ಬೆನ್ನ ಮೇಲೆ, ನಂಬರಿನ ಕೆಳಗೆ, 'ಕಲೆ ಉಳಿಯುವುದಿಲ್ಲ' ಎಂದು ಅಚ್ಚಾಗಿತ್ತು. ಆ ಹೊತ್ತಿಗೆ ರಸ್ ಬೇರೆ ಊರಿನಿಂದ ಬರುವ ಲಿಂಕ್ಸ್ ಬಸ್ಸಿನಲ್ಲೋ ಹಾಸಿಗೆಯಲ್ಲೋ ನಿದ್ದೆ ಹೋಗಿರುತ್ತಿದ್ದ. ನಾನು ಮನೆಗೆ ಬಂದಾಗ ಕಣ್ಣು ಮುಚ್ಚಿಕೊಂಡೇ "ಗೆದ್ರಾ?" ಅನ್ನುತ್ತಿದ್ದ. "ಹೂಂ" ಅಂದರೂ "ಉಹೂಂ" ಅಂದರೂ ಮುಂದಿನ ಮಾತು "ಕಾಫಿ ಇದ್ಯಾ?"

ಗುಟ್ಟು ಇದಲ್ಲ. ಗೋಲಿನ ಮುಂದೆ ನಿಂತಾಗ ನನ್ನ ತಲೆಯೊಳಗೆ ರಸ್ಸಿನ ದನಿ ಆಟವನ್ನು ಹೇಳುತ್ತಿತ್ತು. ಹನ್ನೊಂದು ವರ್ಷವೂ. ಐಸಿನ ಮೇಲೆ ಜಾರಿಬರುವ ರಬ್ಬರ್ ಬಿಲ್ಲೆಯನ್ನು, ಅಂದರೆ ಪಕ್ಕನ್ನು, ನಾನು ತಡೆದಾಗೆಲ್ಲ ಆ ದನಿ ಮೇಲೇರುತ್ತಿತ್ತು. ಏನು ತಡೆ! ಎಂಥ ಧೈರ್ಯ! ಹೆಲ್ಮೆಟ್ಟಿನ ಜಾಲರಿಯ ಹಿಂದೆ ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ, ಪುಣ್ಯ. ನಲವತ್ತೇಳರ ಹೆಂಗಸು, ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವಳು, ತನ್ನ ಗಂಡನ ದನಿಯಲ್ಲಿ ತನ್ನನ್ನೇ ಹೊಗಳಿಕೊಳ್ಳುವುದು! ಇದನ್ನು ಯಾರಿಗಾದರೂ ಹೇಳಿಕೊಳ್ಳಲಾದೀತೇ?

*

ಅರೀನಾ ಊರಿನದು, ತಂಡ ಮಾತ್ರ ಮಾಲೀಕರದು. ಸೀಸನ್ ರದ್ದಾದ ಮೇಲೆ, ಲಿಂಕ್ಸಿಗೆಂದು ಕಾದಿಟ್ಟಿದ್ದ ಶನಿವಾರ ಸಂಜೆಯ ಐಸ್ ಬೇರೆಯವರಿಗೂ ಸಿಗುವಂತಾಯಿತು. ಅರೀನಾ ನೋಡಿಕೊಳ್ಳುವ ಲೂಸಿಯೆನ್ ಒಂದು ಭಾನುವಾರ ನಮ್ಮ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ತಟ್ಟಿ, ಬಾಗಿಲ ಆಚೆಯಿಂದಲೇ ಕೂಗಿದ.

"ಲೇಡೀಸ್, ಶನಿವಾರ ಏಳೂವರೆ ಆಟ ಬೇಕೇನ್ರಮ್ಮಾ? ಪಕ್ಕದೂರು ಹೆರಾನ್ ಕೋವಿನ ಹೆಂಗಸರು ಬರ್ತೀವಿ ಅಂದಿದಾರೆ. ಊರವರು ಹಾಕಿ ಇಲ್ದೆ ಹುಚ್ಚು ಹಿಡಿದು ಕೂತಿದಾರೆ. ನೀವಾದ್ರೂ ಆಡಿ."

"ನೀವಾದ್ರೂ ಅಂದ್ರೆ ಏನಯ್ಯಾ ಅರ್ಥ?" ಅಂದಳು ನೋರೀನ್. ನಮ್ಮ ರಕ್ಷಣೆಯ ಸಾಲಿನಲ್ಲಿ ಆಡುವವಳು, ಕೆಲಸದಲ್ಲಿ ಪೋಸ್ಟ್ ಹಂಚುವವಳು, ಅಂಚೆ ನೌಕರರ ಸಂಘದ ಕಾರ್ಯದರ್ಶಿ. ಗಂಡಸರಷ್ಟೇ ಅಗಲದ ಭುಜ, ಅದಕ್ಕಿಂತ ಅಗಲದ ಬಾಯಿ.

ಎಲ್ಲರೂ ಕೇಕೆ ಹಾಕಿದರು. ಶನಿವಾರ ಸಂಜೆ! ದೀಪ ಪೂರ್ತಿ ಉರಿಸಿ, ಜನರೆದುರು! ಆದರೆ ನೋರೀನ್ ಸ್ಕೇಟಿನ ಲೇಸು ಬಿಚ್ಚುವುದನ್ನು ನಿಲ್ಲಿಸಿ ಗಂಭೀರಳಾದಳು. "ಗೇಟಲ್ಲಿ ಲಿಂಕ್ಸ್ ಹುಡುಗ್ರು ಪ್ರತಿಭಟನೆಗೆ ನಿಂತಿದಾರೆ. ಅವರ ಜಾಗದಲ್ಲಿ, ಅವರ ಹೊತ್ತಲ್ಲಿ ನಾವು ಆಡೋದು ಅಂದ್ರೆ? ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ. ಮೊದಲು ಅವರನ್ನ ಕೇಳ್ಬೇಕು."

ನಮ್ಮ ಊರಿನಲ್ಲಿ ಇದಕ್ಕೆ ಎದುರು ಮಾತಿಲ್ಲ. ಮುಷ್ಕರದ ಸಾಲು ದಾಟಿ ಕೆಲಸಕ್ಕೆ ಹೋದವನ ಮೊಮ್ಮಕ್ಕಳನ್ನೂ ಜನ ನೆನಪಿಟ್ಟುಕೊಳ್ಳುವ ಊರು ಇದು. ಎಲ್ಲರೂ ಆಟದ ಚೀಲ ಹೆಗಲಿಗೇರಿಸಿ ಗೇಟಿಗೆ ಹೋದೆವು. ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು, ಫಲಕ ಹಿಡಿದು, ಲಿಂಕ್ಸ್ ಆಟಗಾರರು ಕಾಲು ಕುಣಿಸುತ್ತಾ ನಿಂತಿದ್ದರು. ನೋರೀನ್ ನಾಯಕ ತಿಬೋನ ಮುಂದೆ ನಿಂತು ವಿಷಯ ಹೇಳಿದಳು. ಅವನಿಗೆ ಮುಂದಿನ ಎರಡು ಹಲ್ಲಿರಲಿಲ್ಲ. ಹೊಗೆಯಂಥ ಉಸಿರು ಆ ಸಂದಿಯಿಂದಲೇ ಬರುತ್ತಿತ್ತು.

"ನಿಮಗೆ ಆಡೋಕೆ ಎಷ್ಟು ಕೊಡ್ತಾರಕ್ಕಾ?"

"ಕೊಡೋದಾ? ಐಸ್ ಬಾಡಿಗೆ ನಾವೇ ಕಟ್ತೀವಿ ಕಣಪ್ಪಾ."

ತಿಬೋ ತನ್ನ ಹುಡುಗರ ಕಡೆ ತಿರುಗಿದ. "ಕೇಳಿದ್ರೇನ್ರೋ? ಇವರ ಗತಿ ನಮಗಿಂತ ಕೆಟ್ಟದು. ನಾವು ಇವರ ಪರವಾಗಿ ಘೋಷಣೆ ಕೂಗ್ಬೇಕು." ಆಮೇಲೆ ನಮಗೆ: "ಮಾಲೀಕರ ಕೈಗೆ ಏನೂ ಹೋಗದಿದ್ರೆ ಆಯ್ತು. ಆಡಿ ಅಕ್ಕಾ. ನಾವೂ ನೋಡೋಕೆ ಬರ್ತೀವಿ. ಸಂಜೆ ಮನೇಲಿ ಕೂತು ಕೂತು ನನ್ನ ಹೆಂಡ್ತಿ ನನ್ನ ಕೈಲಿ ಪರದೆ ಹೊಲಿಸ್ತಿದಾಳೆ."

*

ರೇಡಿಯೊದವರು ಶನಿವಾರ ಸಂಜೆಗಳನ್ನು ಅಕಾರ್ಡಿಯನ್ ಸಂಗೀತದಿಂದ ತುಂಬುತ್ತಿದ್ದರು. ಮೂರು ವಾರಕ್ಕೇ ಊರು ಕೈಮುಗಿದಿತ್ತು. ಲಾಂಡ್ರಿ ಆಟದ ವಿವರಣೆ ಹೇಳು ಎಂದು ಸ್ಟೇಷನ್ನಿನವರು ರಸ್ಸಿಗೆ ಫೋನ್ ಮಾಡಿದಾಗ ನಾನು ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ.

"ಹೆಂಗಸರದಾ?" ಅಂತ ಅವನು ಅಂದದ್ದು ಕೇಳಿಸಿತು. "ಅದನ್ನ ರೇಡಿಯೋಲಿ ಏನಂತ ಹೇಳ್ಲಿ? ಅದು ಆಟ ಅಲ್ಲಪ್ಪ, ವ್ಯಾಯಾಮ."

ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಅಡುಗೆಮನೆಗೆ ಹೋದೆ. ನನ್ನ ಮುಖ ನೋಡಿದ್ದೇ ಅವನು ಫೋನ್ ಇಟ್ಟ.

"ಐಲಾ, ಹಾಗಲ್ಲ ಕಣೇ..."

"ನನ್ನ ಆಟ ಒಂದು ಸಲ ಆದ್ರೂ ನೋಡಿದೀಯಾ?"

"ಬಸ್ಸು ಬರೋದೇ ಬೆಳಿಗ್ಗೆ..."

"ನೋಡಿದೀಯಾ?"

"ಇಲ್ಲ."

"ನೋಡದೇ ಇರೋದನ್ನ ಹೆಂಗಿದೆ ಅಂತ ಹೇಳೋದು ರೇಡಿಯೋದವರ ಕೆಲಸ ಅಲ್ಲ ಅಂತ ನೀನೇ ಹೇಳ್ತಿದ್ದೆ."

ಅಮ್ಮ ಹೆಣಿಗೆ ಕಡ್ಡಿ ಕೆಳಗಿಟ್ಟಳು. ಅವಳಿಗೆ ಜಗಳ ಎಂದರೆ ರೇಡಿಯೊ ನಾಟಕದಷ್ಟೇ ಇಷ್ಟ. ರಸ್ ಕತ್ತು ಕೆರೆದುಕೊಂಡ. ಕಿವಿ ಕೆಂಪಾಗಿತ್ತು.

"ಸರಿ. ಬರ್ತೀನಿ. ಹೇಳ್ತೀನಿ."

ಗೆದ್ದೆ ಅನ್ನಿಸಬೇಕಿತ್ತು, ಬದಲಿಗೆ ಹೆದರಿಕೆಯಾಯಿತು. ತಲೆಯೊಳಗಿನ ರಸ್ ನನ್ನನ್ನು ಹನ್ನೊಂದು ವರ್ಷ ಹೊಗಳಿದ್ದ. ಹೊರಗಿನ ರಸ್ ನೋಡಿ, ಅಯ್ಯೋ ಪಾಪ ಅಂದುಕೊಂಡರೆ? ಅಂದುಕೊಂಡು, ಮೇಲೆ ಮುದ್ದಾಗಿ ಮಾತಾಡಿದರೆ? ಮಗುವಿನ ಶಾಲಾ ನಾಟಕ ನೋಡಿ ಬಂದವರು ಹೇಳುವಂತೆ, ಚೆನ್ನಾಗಿತ್ತು ಚೆನ್ನಾಗಿತ್ತು ಎಂದುಬಿಟ್ಟರೆ? ಅದಾದ ಮೇಲೆ ತಲೆಯೊಳಗಿನ ದನಿಯನ್ನೂ ನಾನು ನಂಬಲಾರೆ.

"ಒಂದು ಷರತ್ತು," ಅಂದೆ. "ಲಿಂಕ್ಸ್ ಗೋಲ್‌ಕೀಪರಿಗೆ ಏನು ಹೇಳ್ತೀಯೋ ನನಗೂ ಅದನ್ನೇ ಹೇಳ್ಬೇಕು. ಕೆಟ್ಟದಾಗಿ ಆಡಿದ್ರೆ ಕೆಟ್ಟದು ಅನ್ಬೇಕು. ಮುದ್ದು ಮಾಡಿದ್ಯೋ, ವಸಂತದ ತನಕ ಹಿತ್ತಲ ಸೌನಾ ಉಗಿಮನೇಲೇ ಮಲ್ಕೋಬೇಕಾಗುತ್ತೆ."

"ಮಗಾ, ಅಲ್ಲಿ ಬೆಚ್ಚಗಿರುತ್ತೆ. ಬೇರೆ ಶಿಕ್ಷೆ ಹೇಳು," ಅಂದಳು ಅಮ್ಮ.

ಅವನು ಕೆಲಸಕ್ಕೆ ಇಳಿದ ಮೇಲೆ ಕೆಲಸಗಾರನೇ. ಪ್ರತಿ ಆಟಕ್ಕೆ ಮುಂಚೆ ಆಟಗಾರರೊಬ್ಬೊಬ್ಬರನ್ನೂ ಮಾತಾಡಿಸುವುದು ಅವನ ಪದ್ಧತಿ. ಎರಡು ದಿನ ಫೋನಿನಲ್ಲಿ ಹೆಂಗಸರ ಹೆಸರಿನ ಉಚ್ಚಾರ, ಮಂಡಿನೋವು, ಹಳೆಯ ಗೋಲುಗಳನ್ನು ಕೇಳಿದ. ಕೊನೆಗೆ ಅಡುಗೆಮನೆಯ ಮೇಜಿನ ಎದುರು ಬದಿಗೆ ನನ್ನನ್ನು ಕೂರಿಸಿ, ಪೆನ್ಸಿಲ್ ಹಿಡಿದ. ಕೆಲಸದ ದನಿ ಬಂತು, ಜೊತೆಗೆ ಬಹುವಚನವೂ.

"ಎಷ್ಟು ವರ್ಷದಿಂದ ಗೋಲ್ ಕಾಯ್ತಿದೀರಿ?"

"ಹನ್ನೊಂದು."

ಪೆನ್ಸಿಲ್ ಒಂದು ಕ್ಷಣ ನಿಂತು ಮುಂದಕ್ಕೆ ಹೋಯಿತು. "ಹಿಡಿಯೋದು ಎಡಗೈಲಿ, ಅಲ್ವಾ?"

"ಬಲಗೈಲಿ."

ರಸ್ ತಲೆಯೆತ್ತಿದ. ಗೋಲ್‌ಕೀಪರುಗಳೆಲ್ಲ ಸಾಮಾನ್ಯವಾಗಿ ಬಲಗೈಯಲ್ಲಿ ಕೋಲು ಹಿಡಿದು, ಎಡಗೈಯ ದೊಡ್ಡ ಗ್ಲೌಸಿನಲ್ಲಿ ಪಕ್ ಹಿಡಿಯುತ್ತಾರೆ. ನನ್ನದು ತಿರುಗಾಮುರುಗಾ. ಹುಟ್ಟಿದ್ದು ಎಡಚಿಯಾಗಿ. ಶಾಲೆಯಲ್ಲಿ ಬರೆಯುವುದನ್ನು ಬಲಗೈಗೆ ತಿದ್ದಿದರು, ಅದರ ಹಿಂದೆಯೇ ಚಮಚ, ಚಾಕು, ಸೂಜಿ ಎಲ್ಲ ಬಲಕ್ಕೆ ಬಂದವು. ಕೋಲು ಮಾತ್ರ ಎಡಗೈಯಲ್ಲೇ ಉಳಿಯಿತು.

"ನೀನು ಎಡಚಿನಾ?" ಬಹುವಚನ ಬಿದ್ದುಹೋಗಿತ್ತು. "ಇಪ್ಪತ್ತು ವರ್ಷದಿಂದ ನಿನ್ನ ಜೊತೆ ಊಟ ಮಾಡ್ತಿದೀನಲ್ಲೇ."

"ಊಟದಲ್ಲಿ ಕಾಣಲ್ಲ. ಆಟದಲ್ಲಿ ಕಾಣುತ್ತೆ."

ಅವನು ಬಹಳ ಹೊತ್ತು ನನ್ನ ಎರಡೂ ಕೈಗಳನ್ನು ನೋಡಿದ. ಅವೇನೂ ಹೊಸ ಕೈಗಳಲ್ಲ. ಆದರೂ ನಾನು ಅವನ್ನು ಮೇಜಿನ ಮೇಲಿಂದ ತೆಗೆಯಲಿಲ್ಲ.

*

ಶನಿವಾರ ಅರೀನಾ ತುಂಬಿತು. ಕುತೂಹಲಕ್ಕೆ ಬಂದವರು, ಗೇಲಿ ಮಾಡಲು ಬಂದವರು, ಅಕಾರ್ಡಿಯನ್ನಿನಿಂದ ತಪ್ಪಿಸಿಕೊಂಡು ಬಂದವರು. ಲಿಂಕ್ಸ್ ಹುಡುಗರು ಒಂದೇ ಸಾಲಿನಲ್ಲಿ ಕೂತು, ಹೊಸ ಘೋಷಣೆ ಕಲಿತು ಬಂದಿದ್ದರು: "ಕಲೆ ಉಳಿಯುವುದಿಲ್ಲ! ಲಾಂಡ್ರಿ ಬಿಡುವುದಿಲ್ಲ!" ಅಮ್ಮನಿಗೆ ಮೆಟ್ಟಿಲು ಹತ್ತಲಾಗದು, ಮನೆಯಲ್ಲಿ ರೇಡಿಯೊ ಪಕ್ಕ ಕೂತಿದ್ದಳು.

ಮೊದಲ ಕೆಲವು ನಿಮಿಷ ನನಗೆ ನನ್ನ ಉಸಿರು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಹೆರಾನ್ ಕೋವಿನ ಡಾರ್ಲಾ, ಕಾಗದದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವಳು, ನನ್ನತ್ತ ನುಗ್ಗಿ ಬಂದು ಪಕ್ಕನ್ನು ನನ್ನ ಬಲಮೇಲ್ಮೂಲೆಗೆ ಹೊಡೆದಳು. ಕೋಲು ಹಿಡಿದ ಕೈಯ ಕಡೆಯದಾದ್ದರಿಂದ ಬೇರೆ ಗೋಲ್‌ಕೀಪರುಗಳೆಲ್ಲ ದುರ್ಬಲರಾಗಿರುವ ಮೂಲೆ ಅದು. ಅಲ್ಲಿ ನನ್ನ ಗ್ಲೌಸ್ ಕಾಯುತ್ತಿತ್ತು. ಪಟ್ಟೆಂದು ಸದ್ದಾಯಿತು. ಜನ ಒಂದು ಕ್ಷಣ ಉಸಿರು ಬಿಗಿಹಿಡಿದರು. ಆ ಮೌನದಲ್ಲಿ, ನೂರಾರು ಮಡಿಲುಗಳ ಪುಟ್ಟ ಟ್ರಾನ್ಸಿಸ್ಟರುಗಳಿಂದ ಒಂದೇ ದನಿ ಸಣ್ಣಗೆ, ಐಸಿನ ಮೇಲೆ ತೇಲಿ ಬಂತು.

"...ಪೆಲ್ಕಿ ತಡೆದರು! ಬಲಗೈ! ಡಾರ್ಲಾ ಎಡಗೈಯಲ್ಲಿ ಹಿಡಿಯುವ ಗೋಲ್‌ಕೀಪರ್ ಅಂದುಕೊಂಡು ಹೊಡೆದರು, ಆದರೆ ಪೆಲ್ಕಿ ಹಿಡಿಯುವುದು ಬಲಗೈಯಲ್ಲಿ, ಪ್ರಿಯ ಕೇಳುಗರೇ!"

ಪೆಲ್ಕಿ! ಅವನದೇ ಮನೆತನದ ಹೆಸರನ್ನು ಅವನು ಯಾರೋ ಗೌರವಸ್ಥರ ಹೆಸರಿನಂತೆ ಹೇಳುತ್ತಿದ್ದ. ಹೆಲ್ಮೆಟ್ಟಿನೊಳಗೆ ನನಗೆ ನಗು ಬಂತು.

ನಗು ಜಾಸ್ತಿಯಾಯಿತೇನೋ. ಸ್ವಲ್ಪ ಹೊತ್ತಿಗೇ ಪಕ್ ಹಿಂದಿನ ಗೋಡೆಗೆ ಬಡಿದು ಬಂದಾಗ ಗೋಲು ಬಿಟ್ಟು ದೂರ ಹೋದೆ. ಜಾರಿದೆ. ಖಾಲಿ ಗೋಲಿಗೆ ಹೊಡೆದ ಪಕ್ ಕಂಬಕ್ಕೆ ತಗುಲಿ ಠಣ್ ಎಂದು ಹೊರಗೆ ಹಾರಿತು. ಮತ್ತೆ ಆ ಮೌನ, ಮತ್ತೆ ಆ ದನಿ.

"ಪೆಲ್ಕಿಯವರದು ದೊಡ್ಡ ತಪ್ಪು. ಅಲ್ಲಿಗೆ ಹೋಗುವ ಅಗತ್ಯವೇ ಇರಲಿಲ್ಲ. ಕಂಬ ಕಾಪಾಡಿತು, ಅವರಲ್ಲ."

ನೋರೀನ್ ನನ್ನನ್ನು ಕೈಹಿಡಿದು ಎಬ್ಬಿಸಿದಳು. "ಕೇಳಿದ್ಯಾ ನಿನ್ನ ಗಂಡ ಏನಂದ ಅಂತ? ಮನೆಗೆ ಹೋಗಿ ಅವನ ಕಾಲು ಮುರಿ."

"ಸರಿಯಾಗೇ ಅಂದ," ಅಂದೆ. ನನ್ನ ದನಿ ಎಷ್ಟು ಖುಷಿಯಾಗಿತ್ತೆಂದರೆ ಅವಳು ಹೆಲ್ಮೆಟ್ಟಿನೊಳಗೆ ಇಣುಕಿ ನೋಡಿದಳು, ತಲೆಗೆ ಪೆಟ್ಟಾಗಿದೆಯೇನೋ ಎಂದು.

ಆಟದ ಮೂರು ಅವಧಿಗಳಲ್ಲಿ ಎರಡನೆಯದು ಮುಗಿಯುವಾಗ ನಾವು ಎರಡು ಗೋಲು ಹಾಕಿದ್ದೆವು. ಅವರದು ಸೊನ್ನೆ. ಮೂರನೆಯ ಅವಧಿಗೆ ಇಳಿದಾಗ ನನ್ನ ಹುಡುಗಿಯರು ಯಾರೂ ನನ್ನ ಮುಖ ನೋಡಲಿಲ್ಲ, ಮಾತಾಡಿಸಲಿಲ್ಲ. ಅದೇ ಕ್ರಮ. ಆಟ ಮುಗಿಯುವವರೆಗೆ ಒಂದೂ ಗೋಲು ಬಿಡದೆ ಉಳಿದರೆ ಅದಕ್ಕೆ ಶಟೌಟ್ ಎಂದು ಹೆಸರು. ಆದರೆ ಮುಗಿಯುವ ಮುಂಚೆ ಆ ಪದವನ್ನು ಯಾರೂ ಬಾಯಲ್ಲಿ ಆಡಬಾರದು. ಆಡಿದರೆ ಗೋಲು ಬಿತ್ತು ಅಂತಲೇ ಲೆಕ್ಕ. ಇಡೀ ಊರಿನಲ್ಲಿ ಇದನ್ನು ಮೀರುತ್ತಿದ್ದವನು ಒಬ್ಬನೇ, ರಸ್. "ರೇಡಿಯೊ ಕೇಳೋರಿಗೆ ನಾನೇ ಕಣ್ಣು. ಇರೋದನ್ನ ಹೇಳದೇ ಇದ್ರೆ ಸುಳ್ಳು ಹೇಳ್ದಂಗೆ," ಅನ್ನುತ್ತಿದ್ದ. ಮೂರನೆಯ ಅವಧಿ ಅರ್ಧ ಕಳೆದ ಕೂಡಲೇ ಗಂಟೆ ಹೊಡೆದ ಹಾಗೆ ಆ ಪದ ಹೇಳುತ್ತಿದ್ದ. ಲಿಂಕ್ಸ್ ಗೋಲ್‌ಕೀಪರನೊಬ್ಬ ಅದಕ್ಕಾಗಿ ಅವನ ಜೊತೆ ಒಂದಿಡೀ ಚಳಿಗಾಲ ಮಾತು ಬಿಟ್ಟಿದ್ದ.

ಅವಧಿ ಅರ್ಧ ಕಳೆಯಿತು. ಆಟ ನಿಂತಿತ್ತು; ರೆಫರಿ ಪಕ್ ಹಿಡಿದು ಹೆರಾನ್ ಕೋವಿನ ಹುಡುಗಿಯರು ಜಾಗಕ್ಕೆ ಬರಲೆಂದು ಕಾಯುತ್ತಿದ್ದ. ಜನರೆಲ್ಲ ಮೇಲೆ, ರಸ್ ಕೂತಿದ್ದ ಗಾಜಿನ ಕೋಣೆಯತ್ತ ನೋಡಿದರು.

"ಬೇಡ ರಸ್!" ಕೂಗಿದ ತಿಬೋ. "ಹೆಂಡ್ತಿ ಕಣೋ ಅವಳು!"

ಟ್ರಾನ್ಸಿಸ್ಟರುಗಳಲ್ಲಿ ಒಂದು ಕೆಮ್ಮು ಕೇಳಿಸಿತು. "ಸ್ಕೋರು ಹೀಗಿದೆ. ಲಾಂಡ್ರಿ ಎರಡು. ಹೆರಾನ್ ಕೋವ್... ಹೆರಾನ್ ಕೋವ್ ಇನ್ನೂ ಪ್ರಯತ್ನ ಮಾಡುತ್ತಿದ್ದಾರೆ."

ಅರೀನಾ ನಗೆಯಲ್ಲಿ ಸಿಡಿಯಿತು. ಚಪ್ಪಾಳೆ ಬೇರೆ. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು. ಎಷ್ಟು ಪ್ರೀತಿ ನೋಡು ಎಂದಿರಬೇಕು. ಅಷ್ಟು ವರ್ಷ ಯಾರಿಗೂ ಬಗ್ಗದವನು ಹೆಂಡತಿಗಾಗಿ ಬಗ್ಗಿದ.

ನನಗೂ ಒಂದು ಕ್ಷಣ ಎದೆ ಕರಗಿತು. ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಕರಗಿದ್ದು ಹಾಗೇ ಗಟ್ಟಿಯಾಯಿತು. ಇದನ್ನೇ ತಾನೆ ನಾನು ಬೇಡ ಅಂದದ್ದು? ಎಲ್ಲ ಗೋಲ್‌ಕೀಪರುಗಳಿಗೂ ಅವನು ಆ ಪದ ಕೊಟ್ಟಿದ್ದ. ಇಪ್ಪತ್ತರ ಹುಡುಗರಿಗೆ ಕೊಟ್ಟಿದ್ದ. ಅವರು ತಾಳಿಕೊಂಡಾರು ಎಂದು ನಂಬಿ ಕೊಟ್ಟಿದ್ದ. ನನಗೆ ಮಾತ್ರ ಹೂವಿನಂತೆ ಹತ್ತಿಯಲ್ಲಿ ಸುತ್ತಿಟ್ಟ ಮೌನ.

ನಾನು ಕೋಲೆತ್ತಿ ಗೋಲಿನ ಕಂಬಕ್ಕೆ ಬಡಿದೆ. ಠಣ್. ಇನ್ನೊಮ್ಮೆ, ಠಣ್. ನಗು ನಿಂತಿತು. ಬಲಗೈಯ ದೊಡ್ಡ ಗ್ಲೌಸನ್ನು ಎತ್ತಿ ನೇರ ಮೇಲಿನ ಆ ಕೋಣೆಯತ್ತ ತೋರಿಸಿದೆ. ಆಮೇಲೆ ಅದನ್ನೇ ನನ್ನ ಬಾಯಿಯ ಜಾಲರಿಗೆ ತಟ್ಟಿದೆ. ಹೇಳು.

"ಏನ್ ಮಾಡ್ತಿದೀಯೇ?" ನೋರೀನ್ ಹೌಹಾರಿದಳು. "ಅದನ್ನ ಕೇಳಿ ಪಡೀತಾರೇನೇ ಯಾರಾದ್ರೂ?"

"ನನಗೆ ಬರ್ಬೇಕಾದ್ದು ಅದು."

ಮತ್ತೆ ಬಡಿದೆ. ಕೋಣೆಯ ಗಾಜಿನ ಹಿಂದೆ ರಸ್ ಎದ್ದು ನಿಂತದ್ದು ಕಾಣಿಸಿತು. ಟೈ ಕಟ್ಟಿಕೊಂಡಿದ್ದ. ಟ್ರಾನ್ಸಿಸ್ಟರುಗಳು ಗುಯ್‌ಗುಟ್ಟಿದವು. ಇಡೀ ಅರೀನಾ ಕಿವಿಯಾಗಿತ್ತು.

"ಪ್ರಿಯ ಕೇಳುಗರೇ," ಅಂದಿತು ದನಿ, ನಿಧಾನವಾಗಿ. "ಪೆಲ್ಕಿ ನನ್ನ ಕಡೆ ಕೈ ತೋರಿಸುತ್ತಿದ್ದಾರೆ. ಅವರು ಕೇಳುತ್ತಿರುವುದು ನ್ಯಾಯ. ನಾನು ನಿಮಗೆ ಪೂರ್ತಿ ಸ್ಕೋರು ಹೇಳಲಿಲ್ಲ, ಕ್ಷಮಿಸಿ. ಲಾಂಡ್ರಿ ಎರಡು, ಹೆರಾನ್ ಕೋವ್ ಸೊನ್ನೆ. ಐಲಾ ಪೆಲ್ಕಿ ಈವರೆಗೆ ಬಂದ ಪ್ರತಿಯೊಂದು ಹೊಡೆತವನ್ನೂ ತಡೆದಿದ್ದಾರೆ. ಹೀಗೇ ಮುಂದುವರಿದರೆ ಅವರಿಗೆ ಇದು... ಶಟೌಟ್."

ಅಯ್ಯಯ್ಯೋ ಎಂದು ಅರೀನಾ ಒಟ್ಟಿಗೆ ನರಳಿತು. ಲಿಂಕ್ಸ್ ಹುಡುಗರು ಟೋಪಿಯಿಂದ ಮುಖ ಮುಚ್ಚಿಕೊಂಡರು. ನಾನು ಕೋಲನ್ನು ಐಸಿಗೆ ಊರಿ, ಮಂಡಿ ಬಗ್ಗಿಸಿ ಸಿದ್ಧಳಾದೆ. ಅಷ್ಟು ಹಗುರಾಗಿ ನಾನು ಯಾವತ್ತೂ ನಿಂತಿರಲಿಲ್ಲ. ತಲೆಯೊಳಗೆ ಯಾರೂ ಮಾತಾಡುತ್ತಿರಲಿಲ್ಲ. ಬೇಕಾಗಿರಲಿಲ್ಲ.

ಡಾರ್ಲಾ ಒಬ್ಬಳೇ ನುಗ್ಗಿ ಬಂದಳು; ತಡೆದೆ. ಇಬ್ಬರು ಒಟ್ಟಿಗೆ ಬಂದರು. ಕಾಲು ಚಾಚಿ ತಡೆದೆ. ಗಡಿಯಾರದಲ್ಲಿ ಇನ್ನು ಕೆಲವೇ ಕ್ಷಣಗಳಿದ್ದಾಗ ಯಾರೋ ದೂರದಿಂದ, ಮನಸ್ಸಿಲ್ಲದ ಮನಸ್ಸಿನಲ್ಲಿ ತಳ್ಳಿದ ಪಕ್ ನೋರೀನಳ ಸ್ಕೇಟಿಗೆ ತಾಗಿ, ದಿಕ್ಕು ಬದಲಿಸಿ, ನನ್ನ ಎರಡು ಕಾಲುಗಳ ನಡುವೆ ಸೋಮಾರಿಯಂತೆ ಜಾರಿಕೊಂಡು ಗೋಲಿನೊಳಗೆ ಹೋಗಿ ಮಲಗಿತು.

ಇಡೀ ಅರೀನಾ ಒಂದಾಗಿ ಮೇಲೆ ತಿರುಗಿ ಕೂಗಿತು: "ರ‍ಸ್ಸ್‌ಸ್!"

"ತಪ್ಪು ನನ್ನದಲ್ಲ, ಕೇಳುಗರೇ!" ಟ್ರಾನ್ಸಿಸ್ಟರುಗಳು ಅರಚಿದವು. "ನೋರೀನರ ಸ್ಕೇಟಿನದು! ನಾನು ಕಣ್ಣಾರೆ ಕಂಡೆ!"

ನಾನು ಬೆನ್ನಿನ ಮೇಲೆ ಬಿದ್ದುಕೊಂಡೇ ನಗುತ್ತಿದ್ದೆ. ನೋರೀನ್ ಬಂದು ಪಕ್ಕದಲ್ಲಿ ಮಂಡಿಯೂರಿದಳು, ಅಳುಮುಖ. "ಐಲಾ, ಮಾರಾಯ್ತಿ, ನನ್ನ ಕಾಲು ಕತ್ತರಿಸಿಬಿಡು."

"ಸೋಮವಾರ ಪೋಸ್ಟ್ ಯಾರು ಹಂಚ್ತಾರೆ? ಏಳು."

ಎರಡು-ಒಂದರಲ್ಲಿ ಗೆದ್ದೆವು. ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕುವಾಗ ಡಾರ್ಲಾ ನನ್ನ ಬಲಗೈಯನ್ನು ಎತ್ತಿ, ತಿರುಗಿಸಿ, ಕಾಗದದ ಸುರುಳಿ ಪರೀಕ್ಷಿಸುವಂತೆ ನೋಡಿದಳು. "ಇದನ್ನ ಮೊದಲೇ ಹೇಳ್ಬಾರ್ದಿತ್ತಾ?" ಅಂದಳು.

ಆಮೇಲೆ ರಸ್ ವಾಡಿಕೆಯಂತೆ ಮೈಕಿನ ಉದ್ದನೆಯ ತಂತಿ ಎಳೆದುಕೊಂಡು ಐಸಿನ ಅಂಚಿಗೆ ಬಂದ. ಆಟದ ನಂತರ ಎಲ್ಲರಿಗೂ ಕೇಳುವ ಅದೇ ಪ್ರಶ್ನೆಗಳು.

"ಆ ಕೊನೆಯ ಗೋಲಿನ ಬಗ್ಗೆ ಏನಂತೀರಿ?"

"ಹೆರಾನ್ ಕೋವ್ ಪ್ರಯತ್ನ ಮಾಡ್ತಿದಾರೆ ಅಂತ ನೀವೇ ಹೇಳಿದ್ರಲ್ಲ." ಜನ ಚಪ್ಪಾಳೆ ತಟ್ಟಿದರು.

"ಇವತ್ತು ನಿಮ್ಮ ಆಟ ನೋಡೋಕೆ ಮನೆಯವರು ಯಾರಾದರೂ ಬಂದಿದ್ದರಾ?" ಅಭ್ಯಾಸಬಲದಿಂದ ಕೇಳಿಬಿಟ್ಟ. ಕೇಳಿದ ಮೇಲೆ ಅವನ ಕಿವಿ ಕೆಂಪಾಯಿತು.

"ಒಬ್ಬರು ಬಂದಿದ್ರು," ಅಂದೆ. "ಹನ್ನೊಂದು ವರ್ಷಕ್ಕೆ ಮೊದಲನೇ ಸಲ. ಟೈ ಕಟ್ಕೊಂಡು ಬಂದಿದ್ರು."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಬಿಟ್ಟು ಮೊದಲು ರಸ್ಸಿಗೆ: "ಅಳಿಯಾ, ಎಡಗೈಲಿ ಕೋಲು, ಎಡಗೈಲಿ ಕೋಲು ಅಂತ ಊರಿಗೆಲ್ಲ ಕೇಳೋ ಹಾಗೆ ಎಷ್ಟು ಸಲ ಹೇಳಿದ್ಯೋ! ಇವಳ ಕೈ ತಿದ್ದಿದ ಆ ಟೀಚರು ಬದುಕಿದಾಳೋ ಇಲ್ವೋ, ಕೇಳಿಸ್ಕೊಂಡಿರ್ಬೇಕಿತ್ತು." ಆಮೇಲೆ ನನ್ನ ಎಡಗೈ ಹಿಡಿದು, ಬಿಸಿ ಕಾಫಿ ಲೋಟವನ್ನು ಅದರೊಳಗೇ ಇಟ್ಟಳು.

ಅವಳು ಒಳಗೆ ಹೋದ ಮೇಲೆ ನಾವಿಬ್ಬರೇ ಮೇಜಿನ ಮುಂದೆ ಕೂತೆವು. ರಸ್ ನನ್ನ ಭುಜದ ಕಂದಿದ ಜಾಗಕ್ಕೆ ಮುಲಾಮು ಹಚ್ಚುತ್ತಿದ್ದ. ಈಗ ಹೇಳಬಹುದು ಅನ್ನಿಸಿತು. ಹೇಳಿದೆ.

"ಗೊತ್ತಾ? ಇಷ್ಟು ವರ್ಷ ನಾನು ಆಡೋವಾಗೆಲ್ಲ ತಲೆಯೊಳಗೆ ನೀನೇ ಕಾಮೆಂಟ್ರಿ ಹೇಳ್ತಿದ್ದೆ."

ಅವನ ಕೈ ನಿಂತಿತು. ಮುಲಾಮಿನ ಡಬ್ಬಿ ಮುಚ್ಚಿಟ್ಟ. ಆಮೇಲೆ, ಕೆಲಸಗಾರ ಕೇಳುವಂತೆ ಕೇಳಿದ:

"ಹೆಂಗೆ ಹೇಳ್ತಿದ್ದೆ? ಚೆನ್ನಾಗಿ ಹೇಳ್ತಿದ್ನಾ?"

"ಬರೀ ಹೊಗಳ್ತಿದ್ದೆ," ಅಂದೆ. "ಇವತ್ತಿಂದೇ ಎಷ್ಟೋ ಮೇಲು."